ಹದಿನೈದಕ್ಕೂ ಐವತ್ತಕ್ಕೂ ನಡುವೆ

ಹಳೇ ಕಾರು ಅಂದ ಕೂಡಲೆ ಹೈದರಾಬಾದಿನವರ ಕಣ್ಣ ಮುಂದೆ ಬರೋದು ಚೌಮಹಲ್ಲಾ ಅರಮನೆಯ ಹಳದಿ ಬಣ್ಣದ ರೋಲ್ಸ್ ರಾಯ್ಸ್. 1912ರ ಗಾಡಿ. ಆರ್ಡರ್ ಕೊಟ್ಟವರು ಆರನೆಯ ನಿಜಾಮರಾದ ಮಹಬೂಬ್ ಅಲಿ ಪಾಷಾ. ಗಾಡಿ ತಯಾರಾಗಿ ಬರೋ ಮೊದಲೇ, 1911ರಲ್ಲಿ, ಅವರು ತೀರಿಕೊಂಡಿದ್ದರು. ಹಿಂದೆ ಸಿಂಹಾಸನದಂಥ ಆಸನ. ಆ ಕಾರು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಊರಿನಿಂದ ನೆಂಟರು ಬಂದಾಗ ಚಾರ್‌ಮಿನಾರ್ ಆದ ಮೇಲೆ ಅಲ್ಲಿಗೆ ಕರೆದುಕೊಂಡು ಹೋಗೋದು ನನ್ನ ಪಾಲಿನ ಕೆಲಸ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಕಾರುಗಳ ಸಂಗ್ರಹ ನೋಡಿ ಬಂದವರಂತೂ, "ನಮ್ಮಲ್ಲೂ ಇವೆ ಬಿಡ್ರಿ" ಅನ್ನದೆ ಹೊರಗೆ ಬರೋದಿಲ್ಲ.

ನಾನು ಬರೆಯಹೊರಟದ್ದು ಅಂಥ ರಾಜರ ಕಾರುಗಳ ಬಗ್ಗೆ ಅಲ್ಲ. ಗುಮಾಸ್ತರು, ಮೇಷ್ಟ್ರು, ಡಾಕ್ಟರು, ನನ್ನಂಥ ಬ್ಯಾಂಕಿನವರು ಕಂತು ಕಟ್ಟಿ ಕೊಂಡ ಗೇಣುದ್ದದ ಕಾರುಗಳ ಬಗ್ಗೆ. ಡಿಕ್ಕಿ ಅಂತ ಬೇರೆ ಇಲ್ಲದ, ಹಿಂದಿನ ಬಾಗಿಲನ್ನು ಗಾಜಿನ ಸಮೇತ ಮೇಲಕ್ಕೆತ್ತುವ, ಹ್ಯಾಚ್‌ಬ್ಯಾಕ್ ಎಂದು ಕರೆಸಿಕೊಳ್ಳುವ ಕಾರುಗಳು. ಅದರಲ್ಲೂ ಕಾಲಿಟ್ಟರೆ ಚಂಗನೆ ನೆಗೆಯುವ ಚುರುಕು ಜಾತಿಯವು. ಈಗೀಗ ಇವಕ್ಕೂ "ಕ್ಲಾಸಿಕ್" ಎಂಬ ಮರ್ಯಾದೆ ಬಂದಿದೆ. ಬೆಲೆ ಏರುತ್ತಿದೆ ಅಂತಲೂ ಸುದ್ದಿ. ಮೂವತ್ತೈದು ವರ್ಷ ಲೆಡ್ಜರ್ ನೋಡಿದವನಿಗೆ ಬೆಲೆ ಏರಿತು ಅಂದರೆ ಸಹಜವಾಗಿಯೇ ಮೊದಲು ಬರುವ ಪ್ರಶ್ನೆ: ಎಷ್ಟಕ್ಕೆ, ಯಾವುದಕ್ಕೆ, ಯಾರಿಗೆ?

ಈ ಗೀಳು ಶುರುವಾದದ್ದು ಯುರೋಪಿನಲ್ಲಿ. ಇಂಗ್ಲೆಂಡಿನ ಮಿನಿ ಕಾರು ಬಂದದ್ದು 1959ರಲ್ಲಿ. ಅದಕ್ಕೆ ಹಿಂಬದಿಯ ಬಾಗಿಲು ಇರಲಿಲ್ಲ, ಆದರೂ ವಂಶದ ಮೂಲಪುರುಷ ಅಂತ ಅದನ್ನೇ ಹೇಳಬೇಕು. ಅದರ ಕೂಪರ್ ಮಾದರಿ 1964, 1965 ಮತ್ತು 1967ರಲ್ಲಿ ಮಾಂಟೆಕಾರ್ಲೊ ರ್‍ಯಾಲಿ ಗೆದ್ದಿತು. ಹಿಮ ಬಿದ್ದ ಬೆಟ್ಟದ ದಾರಿಯಲ್ಲಿ ಅದರ ಎರಡರಷ್ಟು ತೂಕದ ಗಾಡಿಗಳು ಹಿಂದೆ ಬಿದ್ದವು. ಆಮೇಲೆ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1976ರಲ್ಲಿ ಗಾಲ್ಫ್ ಜಿಟಿಐ ಮಾರಲು ಶುರುಮಾಡಿತು, 110 ಅಶ್ವಶಕ್ತಿ. 5,000 ಮಾರಿದರೆ ಸಾಕು ಅಂದುಕೊಂಡಿದ್ದರು, ಆ ಮೊದಲ ತಲೆಮಾರಿನದೇ ನಾಲ್ಕು ಲಕ್ಷಕ್ಕೂ ಮೀರಿ ಹೋಯಿತು. ಫ್ರಾನ್ಸಿನ ಪೂಜೋ 205 ಜಿಟಿಐ ಬಂದದ್ದು 1984ರಲ್ಲಿ. ಮನೆಯವರಿಗೆ "ಸಂತೆಗೆ ಹೋಗಲಿಕ್ಕೆ" ಅಂತ ಹೇಳಿ, ಒಳಗೊಳಗೆ ರೇಸಿನ ಕನಸು ಕಾಣುವ ಹುಡುಗರು ಕೊಳ್ಳುತ್ತಿದ್ದ ಕಾರುಗಳಿವು.

1990ರ ಹೊತ್ತಿಗೆ ಬ್ರಿಟನ್ನಿನಲ್ಲಿ ಇವುಗಳ ಕಳ್ಳತನ ವಿಪರೀತವಾಯಿತು, ವಿಮಾ ಕಂತು ಗಗನಕ್ಕೇರಿತು, ಬೆಲೆ ನೆಲಕ್ಕೆ ಬಿತ್ತು. ಬೆಲೆ ಬಿದ್ದ ಕಾರನ್ನು ಜೋಪಾನ ಮಾಡುವವರು ಯಾರು? ಎಷ್ಟೋ ಕಾರುಗಳು ಗುಜರಿಗೆ ಹೋದವು, ತುಕ್ಕು ಹಿಡಿದು ಹೋದವು. ಆಗ ಹುಡುಗರಾಗಿದ್ದವರು ಐವತ್ತು ದಾಟಿ ಕೈಯಲ್ಲಿ ನಾಲ್ಕು ಕಾಸು ಕಂಡಾಗ ಅದೇ ಕಾರನ್ನು ಹುಡುಕತೊಡಗಿದರು. ಉಳಿದದ್ದು ಕಡಿಮೆ, ಕೇಳುವವರು ಹೆಚ್ಚು, ಮಿಕ್ಕದ್ದು ಪಿ.ಯು. ಅರ್ಥಶಾಸ್ತ್ರದ ಪಾಠ. ರಾಜಕುಮಾರಿ ಡಯಾನಾ ಓಡಿಸಿದ್ದ ಕಪ್ಪು ಬಣ್ಣದ, 1985ರ ಫೋರ್ಡ್ ಎಸ್ಕಾರ್ಟ್ ಆರ್‌ಎಸ್ ಟರ್ಬೊ 2022ರ ಆಗಸ್ಟ್‌ನಲ್ಲಿ ಹರಾಜಿಗೆ ಬಂದಾಗ ಕೂಗು ನಿಂತದ್ದು 6,50,000 ಪೌಂಡಿಗೆ. ಪತ್ರಿಕೆಗಳಲ್ಲಿ ಅದೇ ದೊಡ್ಡ ಸುದ್ದಿ. ನನ್ನ ಪ್ರಕಾರ ಅದು ಕಾರಿನ ಬೆಲೆ ಅಲ್ಲ, ಡಯಾನಾ ಬೆಲೆ. ಮೌಲ್ಯಮಾಪಕನ ವರದಿಯಲ್ಲಿ ಇಂಥದ್ದನ್ನು ಬೇರೆ ಕಾಲಮ್ಮಿನಲ್ಲಿ ಬರೆಯಬೇಕು.

ನಮ್ಮ ದೇಶದ ಕಥೆ ಬೇರೆ. ಇಲ್ಲಿ ಚುರುಕು ಕಾರು ಅಂದರೆ ಹೆಚ್ಚು ಅಶ್ವಶಕ್ತಿಯ ಕಾರಲ್ಲ, ಕಡಿಮೆ ತೂಕದ ಕಾರು. ಅಂಬಾಸಡರ್ ಸಾವಿರದ ನೂರು ಕೆ.ಜಿ.ಗೂ ಮೇಲೆ, ಎಂಜಿನ್ ಶಕ್ತಿ ಐವತ್ತರ ಆಸುಪಾಸು. ಅದು ಮದುವೆ ದಿಬ್ಬಣದ ಎತ್ತಿನ ಹಾಗೆ, ಹೆಜ್ಜೆ ಹಾಕುತ್ತದೆ, ಓಡೋದಿಲ್ಲ. ಪದ್ಮಿನಿ ಸ್ವಲ್ಪ ವಾಸಿ. ಇವೆರಡರ ನಡುವೆ ಬೆಂಗಳೂರಿನಲ್ಲಿ ಒಂದು ಮರಿ ಹುಟ್ಟಿತ್ತು ಎಂಬುದನ್ನು ನಮ್ಮವರೇ ಮರೆತಿದ್ದಾರೆ.

ಅದರ ಹೆಸರು ಡಾಲ್ಫಿನ್. ಮಾಡಿದವರು ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್. ಇದೇ ಸಂಸ್ಥೆ ಅದಕ್ಕೆ ಮೊದಲು ಸನ್‌ರೈಸ್ ಎಂಬ ಹೆಸರಿನಲ್ಲಿ ಬಾದಲ್ ಎಂಬ ಮೂರು ಚಕ್ರದ ಕಾರು ಮಾಡಿತ್ತು. 1970ರ ದಶಕದಲ್ಲಿ ಬೆಂಗಳೂರಿನಲ್ಲಿದ್ದವರು ಅದನ್ನು ನೋಡಿ ನಕ್ಕಿರುತ್ತಾರೆ. 1982ರಲ್ಲಿ ಬಂದ ಡಾಲ್ಫಿನ್ ಹಾಗಲ್ಲ. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಕಾರು ಅದರ ಮೂಲ. ಮೈ ಪೂರ್ತಿ ಫೈಬರ್, ತುಕ್ಕಿನ ಮಾತೇ ಇಲ್ಲ. 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್, ಎರಡೇ ಬಾಗಿಲು. ಭಾರತದ ಮೊದಲ ಹ್ಯಾಚ್‌ಬ್ಯಾಕ್ ಎಂದು ಅದನ್ನು ಕರೆಯುವವರೂ ಇದ್ದಾರೆ. ಮೈ ಹಗುರ, ಎಂಜಿನ್ನೂ ಹಗುರ. ಹೀಗಾಗಿ ಕುಟುಂಬಸ್ಥರಿಗಿಂತ ಮೊದಲು ಅದರ ಮೇಲೆ ಕಣ್ಣು ಹಾಕಿದ್ದು ರೇಸಿನವರು. ಮದರಾಸಿನ ಹತ್ತಿರದ ಶೋಳಾವರಂ ಆಗ ದಕ್ಷಿಣದವರಿಗೆ ರೇಸಿನ ಕಾಶಿ. ಎರಡನೇ ಮಹಾಯುದ್ಧದ ಕಾಲದ ಹಳೆಯ ವಿಮಾನ ಪಟ್ಟಿ ಅದು. ಅಲ್ಲೂ ರ್‍ಯಾಲಿಗಳಲ್ಲೂ ಡಾಲ್ಫಿನ್‌ಗಳು ಗುಂಪುಗುಂಪಾಗಿ ಇಳಿಯುತ್ತಿದ್ದವು.

ಬ್ಯಾಂಕಿಗೆ ಸೇರಿದ ಹೊಸದರಲ್ಲಿ ತರಬೇತಿಗೆ ಅಂತ ಬೆಂಗಳೂರಿಗೆ ಹೋದಾಗ ನಾನು ಮೊದಲ ಸಲ ಡಾಲ್ಫಿನ್ ಕಂಡೆ. ಬಾಗಿಲು ಹಾಕಿದರೆ ಕಾರಿನ ಸದ್ದು ಬರಲಿಲ್ಲ, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಸದ್ದು ಬಂತು. ಜೊತೆಗಿದ್ದ ಗುಲ್ಬರ್ಗದ ಗೆಳೆಯ, "ಇದಕ್ಕೆ ಸಾಲ ಕೊಟ್ರೆ ಜಪ್ತಿ ಮಾಡೋವಾಗ ಬಕೆಟ್ಟಿನ್ಯಾಗ ತರಬೇಕಾಗ್ತದ" ಅಂದ. ಜನರೂ ಹಾಗೇ ಅಂದುಕೊಂಡರೋ ಏನೋ. ತಗಡಿನ ಕಾರು ಗುದ್ದಿದರೆ ಬಡಿದು ಸರಿಮಾಡುವ ಮೇಸ್ತ್ರಿ ಪ್ರತಿ ಬೀದಿಗೂ ಇದ್ದ; ಫೈಬರ್ ಒಡೆದರೆ ಯಾರ ಹತ್ತಿರ ಹೋಗಬೇಕು?

ಡಾಲ್ಫಿನ್‌ಗೆ ನಿಜವಾದ ಪೆಟ್ಟು ಬಿದ್ದದ್ದು 1983ರ ಡಿಸೆಂಬರ್ 14ರಂದು. ಅವತ್ತು ಇಂದಿರಾ ಗಾಂಧಿಯವರು ದೆಹಲಿಯ ಹರ್‌ಪಾಲ್ ಸಿಂಗ್ ಎಂಬ ಇಂಡಿಯನ್ ಏರ್‌ಲೈನ್ಸ್ ನೌಕರರ ಕೈಗೆ ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಬೆಲೆ ರೂ. 47,500. ಜಪಾನಿನ ಸುಜುಕಿ ಎಂಜಿನ್, 796 ಸಿ.ಸಿ., ಮೂರು ಸಿಲಿಂಡರ್, ತೂಕ ಸುಮಾರು 650 ಕೆ.ಜಿ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಹೊತ್ತುತ್ತಿತ್ತು. ಇವತ್ತಿನ ಹುಡುಗರಿಗೆ ಇದರ ಮಹತ್ವ ಹೇಳಿ ತಿಳಿಸೋದು ಕಷ್ಟ. ಅದಕ್ಕೆ ಮುಂಚೆ ಹ್ಯಾಂಡಲ್ ಹಾಕಿ ತಿರುಗಿಸದ, ನಾಲ್ಕು ಜನ ನೂಕದ ಕಾರನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಆ ವರ್ಷ ರೂ. 10,000 ಠೇವಣಿ ಇಟ್ಟು ಬುಕ್ ಮಾಡಿದವರೇ ಲಕ್ಷಕ್ಕೂ ಮೀರಿ. ಹಂಚಿಕೆ ಪತ್ರ ಬಂದವರು ಅದನ್ನೇ ಲಾಭಕ್ಕೆ ಮಾರುತ್ತಿದ್ದರು. ಕಾರಿಗಿಂತ ಮೊದಲು ಕಾಗದಕ್ಕೇ ಬೆಲೆ ಏರಿದ್ದು ಆಗ.

ಆ ಮೊದಲ ಮಾದರಿಗೆ ಕಂಪನಿಯ ಲೆಕ್ಕದಲ್ಲಿ ಎಸ್‌ಎಸ್ 80 ಅಂತ ಹೆಸರು. ಮೂಗು ಚಪ್ಪಟೆ, ಮೈ ಡಬ್ಬಿಯ ಹಾಗೆ. 1986ರಲ್ಲಿ ಮೂಗು ಇಳಿಜಾರಾದ ಹೊಸ ಮಾದರಿ ಬಂತು, ಆಮೇಲೆ 2014ರವರೆಗೂ ನೀವೆಲ್ಲ ಕಂಡ 800 ಅದೇ. ಒಟ್ಟು 25 ಲಕ್ಷಕ್ಕೂ ಹೆಚ್ಚು ತಯಾರಾದ ಕಾರು. ಈಗ ಹುಡುಕುತ್ತಿರೋದು ಮೊದಲ ಮೂರು ವರ್ಷದ ಎಸ್‌ಎಸ್ 80ನ್ನು. ಬಹಳಷ್ಟು ತುಕ್ಕು ಹಿಡಿದು, ತುಂಡುತುಂಡಾಗಿ ತಗಡಿನ ಲೆಕ್ಕದಲ್ಲಿ ತೂಗಿಹೋದವು. ಹರ್‌ಪಾಲ್ ಸಿಂಗ್ ಅವರ ಮೊದಲನೇ ಕಾರೇ, ಡಿಐಎ 6479, ಅವರು 2010ರಲ್ಲಿ ತೀರಿಕೊಂಡ ಮೇಲೆ ಮನೆಯ ಮುಂದೆ ಬಿಸಿಲು ಮಳೆಗೆ ನಿಂತು ಹಾಳಾಗಿತ್ತು. ಕೊನೆಗೆ ಕಂಪನಿಯವರೇ ಅದನ್ನು ದುರಸ್ತಿ ಮಾಡಿ ತಮ್ಮ ಕೇಂದ್ರ ಕಚೇರಿಯಲ್ಲಿ ಇಟ್ಟರು. ಮೊದಲನೆಯದಕ್ಕೇ ಈ ಗತಿ ಅಂದರೆ ಹತ್ತು ಸಾವಿರದ ಒಂದನೆಯದರ ಪಾಡು ಏನು?

ಸಿಪಾನಿಯವರು ಮಾರುತಿಯ ಎದುರು ನಾಲ್ಕು ಬಾಗಿಲಿನ ಮೊಂಟಾನಾ ಮಾಡಿ ನೋಡಿದರು. ಹತ್ತಲಿಲ್ಲ. ಬೆಂಗಳೂರು ಇಷ್ಟು ದೊಡ್ಡ ಊರಾಗಿ ಬೆಳೆದಿದೆ, ಅಲ್ಲೇ ಹುಟ್ಟಿದ ಈ ಕಾರಿನ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಓದಿದ ನೆನಪು ನನಗಿಲ್ಲ. ಎಚ್‌ಎಂಟಿ ಗಡಿಯಾರಕ್ಕೆ ಅಳುವವರು ಡಾಲ್ಫಿನ್‌ಗೂ ಒಂದು ಹನಿ ಕಣ್ಣೀರು ಹಾಕಬಹುದಿತ್ತು.

ಇನ್ನು ಕಾಚಿಗೂಡಕ್ಕೆ ಬರುತ್ತೇನೆ. ನನ್ನ ಊರು ರಾಯಚೂರು. 1956ರ ನವೆಂಬರ್ 1ರವರೆಗೆ ರಾಯಚೂರು, ಗುಲ್ಬರ್ಗ, ಬೀದರ್ ಎಲ್ಲ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ನಮ್ಮ ತಂದೆಯ ಕಾಲದವರಿಗೆ ಹೈದರಾಬಾದು ಪರಸ್ಥಳವೇ ಅಲ್ಲ. ಕೋರ್ಟು, ಕಾಲೇಜು, ಆಸ್ಪತ್ರೆ ಎಲ್ಲಕ್ಕೂ ಅದೇ. ರಾಜ್ಯ ಬೇರೆಯಾದ ಮೇಲೆ ಹುಟ್ಟಿದ ನಮಗೆ ಮಾತ್ರ ಅದು ಹೊರನಾಡಾಯಿತು. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದ ನನಗೆ 1986ರಲ್ಲಿ ಹೈದರಾಬಾದಿಗೆ ವರ್ಗವಾಯಿತು. ಮನೆ ಹುಡುಕಿದ್ದು ಕಾಚಿಗೂಡದಲ್ಲಿ. ಕಾರಣ ಸರಳ. ಅಲ್ಲಿ ಕನ್ನಡ ಕೇಳಿಸುತ್ತಿತ್ತು. ಕರ್ನಾಟಕ ಸಾಹಿತ್ಯ ಮಂದಿರ ಅಲ್ಲಿದೆ, ಮಕ್ಕಳಿಗೆ ನೃಪತುಂಗ ಶಾಲೆ ಇದೆ, ಜೋಳದ ರೊಟ್ಟಿಗೆ ಪರದಾಡಬೇಕಿಲ್ಲ.

ಒಂದೇ ಒಂದು ವಿಚಿತ್ರ ಇತ್ತು. ಕಾಚಿಗೂಡ ಅಂದರೆ ಎಲ್ಲರಿಗೂ ರೈಲು ನಿಲ್ದಾಣ. 1916ರಲ್ಲಿ ಕಟ್ಟಿದ, ಗುಮ್ಮಟಗಳ, ಬಿಳಿಯ ಚೆಂದದ ಕಟ್ಟಡ. ನಿಜಾಮರ ರೈಲ್ವೆಯ ಕೇಂದ್ರ ಸ್ಥಾನವಾಗಿತ್ತು. ಮನೆಯಿಂದ ಹತ್ತು ನಿಮಿಷದ ನಡಿಗೆ. ಆದರೆ ಅಲ್ಲಿಂದ ರಾಯಚೂರಿಗೆ ರೈಲಿಲ್ಲ! ಅಲ್ಲಿನದು ಮೀಟರ್ ಗೇಜ್, ಮೆಹಬೂಬ್‌ನಗರ ದಾಟಿ ದ್ರೋಣಾಚಲಂ ಕಡೆಗೆ ಹೋಗುವಂಥದು. 1990ರ ದಶಕದಲ್ಲಿ ಬ್ರಾಡ್ ಗೇಜ್ ಆದ ಮೇಲೂ ಅದೇ ದಿಕ್ಕು. ರಾಯಚೂರಿಗೆ ಹೋಗುವವರು ನಾಂಪಲ್ಲಿಗೋ ಸಿಕಂದರಾಬಾದಿಗೋ ಹೋಗಿ, ವಾಡಿ ಸುತ್ತಿ ಬರಬೇಕು. ಇಲ್ಲವೆ ಬಸ್ಸು. ಅಪ್ಪನ ಆರೋಗ್ಯ ಕೆಟ್ಟಾಗ ರಾತ್ರಿ ಹನ್ನೊಂದಕ್ಕೆ ಫೋನು ಬಂದರೆ ಎರಡೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಆಗ ನಮ್ಮ ಗುಂಪಿನವರೆಲ್ಲ ಒಬ್ಬೊಬ್ಬರಾಗಿ 800 ಕೊಂಡದ್ದು ಶೋಕಿಗಲ್ಲ. ಸ್ಟಾಫ್ ಲೋನ್ ಸಿಗುತ್ತಿತ್ತು, ಊರು ಸುಮಾರು 200 ಕಿ.ಮೀ. ದೂರದಲ್ಲಿತ್ತು. ಹಾಗಂತ ಶೋಕಿ ಇರಲಿಲ್ಲ ಅಂದರೂ ಸುಳ್ಳು. ಭಾನುವಾರ ಸಾಹಿತ್ಯ ಮಂದಿರದ ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ನಿಂತು, ಷಾದ್‌ನಗರದಿಂದ ಜಡ್ಚರ್ಲಾಕ್ಕೆ ಎಷ್ಟು ನಿಮಿಷ, ಮಖ್ತಲ್‌ನಿಂದ ಕೃಷ್ಣೆಗೆ ಎಷ್ಟು ನಿಮಿಷ ಅಂತ ಲೆಕ್ಕ ಒಪ್ಪಿಸುವ ಐವತ್ತರ ಗಂಡಸರನ್ನು ನೀವು ನೋಡಬೇಕಿತ್ತು. ಉಪನ್ಯಾಸ ಮಾಡಿದವರಿಗೆ ಇಷ್ಟು ಪ್ರಶ್ನೆ ಬರುತ್ತಿರಲಿಲ್ಲ.

ದೇವಸೂಗೂರಿನ ಹತ್ತಿರ ಕೃಷ್ಣಾ ನದಿಗೆ ನಿಜಾಮರ ಕಾಲದ ಸೇತುವೆ. ಇಕ್ಕಟ್ಟು. ಎದುರಿಗೆ ಲಾರಿ ಬಂದರೆ ಅಂಬಾಸಡರ್‌ನವರು ಉಸಿರು ಬಿಗಿಹಿಡಿಯುತ್ತಿದ್ದರು. 800 ಪಕ್ಕಕ್ಕೆ ಸರಿದು ಇಲಿಯ ಹಾಗೆ ನುಸುಳುತ್ತಿತ್ತು. ಸೇತುವೆಯ ಮೇಲಿಂದ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಆ ಕೆಂಪು ದೀಪ ಕಂಡರೆ ಹಿಂದಿನ ಸೀಟಿನಲ್ಲಿ ಮಲಗಿದ್ದ ಮಕ್ಕಳು ಎದ್ದು, "ಊರು ಬಂತು" ಅನ್ನೋರು. ರಾಯಚೂರು ಇನ್ನೂ ಅರ್ಧ ಗಂಟೆ ಇರುತ್ತಿತ್ತು.

ನಾನು ಕೊಂಡದ್ದು 2000ದ ನವೆಂಬರ್‌ನಲ್ಲಿ. ಆ ವರ್ಷ ಮಾರುತಿಯವರು 800ಕ್ಕೇ ಐದು ಗೇರು ಮತ್ತು ಸಿಲಿಂಡರಿಗೆ ನಾಲ್ಕು ವಾಲ್ವಿನ ಹೊಸ ಎಂಜಿನ್ ಕೂಡಿಸಿ ಒಂದು ಮಾದರಿ ಮಾಡಿದ್ದರು. ಮಾಮೂಲಿ 800ರ ಶಕ್ತಿ 40 ಅಶ್ವಶಕ್ತಿಯ ಒಳಗೆ, ಇದರದ್ದು 45ರ ಆಸುಪಾಸು. ಐದು ಕುದುರೆ ಹೆಚ್ಚಾದರೆ ಏನು ಮಹಾ ಅನ್ನಬೇಡಿ. ಸಾವಿರದ ನೂರು ಕೆ.ಜಿ.ಗೆ ಐದು ಸೇರಿಸೋದು ಬೇರೆ, ಆರುನೂರ ಐವತ್ತಕ್ಕೆ ಸೇರಿಸೋದು ಬೇರೆ. ಟನ್ನಿನ ಲೆಕ್ಕ ಹಾಕಿದರೆ ಅಂಬಾಸಡರ್‌ಗಿಂತ ಒಂದೂವರೆ ಪಟ್ಟು. ಜಡ್ಚರ್ಲಾ ದಾಟಿದ ಮೇಲೆ ಐದನೇ ಗೇರಿಗೆ ಹಾಕಿದರೆ ಎಂಜಿನ್ನಿನ ಸದ್ದು ಒಂದು ಮೆಟ್ಟಿಲು ಇಳಿಯುತ್ತದೆ, ಹಾಡುಗಾರ ಷಡ್ಜಕ್ಕೆ ಬಂದು ನಿಂತ ಹಾಗೆ. ಈ ಮಾದರಿ ನಡೆದದ್ದು ಕೆಲವೇ ವರ್ಷ. ಹೊರಗಿನಿಂದ ನೋಡಿದರೆ ಬೇರೆ 800ರಂತೆಯೇ. ಗೊತ್ತಿದ್ದವರಿಗೆ ಮಾತ್ರ ಗೊತ್ತು.

ಎರಡು ವರ್ಷದ ಹಿಂದೆ ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಕೆಲಸದ ಒಬ್ಬ ಹುಡುಗ, ನಮ್ಮ ಸಿಂಧನೂರಿನ ಕಡೆಯವನೇ, ಮನೆಯ ಮುಂದೆ ನಿಂತ ಕಾರನ್ನು ಬಗ್ಗಿ ಬಗ್ಗಿ ನೋಡಿದ. ಗೇರಿನ ಗುಬ್ಬಿಯ ಮೇಲೆ 5 ಎಂಬ ಅಂಕಿ ಕಂಡದ್ದೇ ಕಣ್ಣು ಅರಳಿತು. "ಅಂಕಲ್, ಇದನ್ನ ಕೊಡ್ತೀರಾ? ಒಂದು ಲಕ್ಷದ ಹತ್ತು ಸಾವಿರ ಕೊಡ್ತೀನಿ" ಅಂದ. ಅವನ ಬಳಗದವರು ಬೇರೆ ಏನೇನು ಹುಡುಕುತ್ತಾರೆ ಅಂತ ಅವನೇ ಹೇಳಿದ. 2001ರಲ್ಲಿ ಬಂದ ಫಿಯೆಟ್ ಪಾಲಿಯೊ 1.6; ಆ ಕಾಲಕ್ಕೆ 100 ಅಶ್ವಶಕ್ತಿ ಅಂದರೆ ಹುಚ್ಚು. ಅದರಲ್ಲೂ ಸಚಿನ್ ತೆಂಡೂಲ್ಕರ್ ಹೆಸರಿನಲ್ಲಿ ಹೊರಟ ಎಸ್ 10, ಒಟ್ಟು 500 ಕಾರು. 1993ರ ಜೆನ್, ಮುಖ್ಯವಾಗಿ 2003ರಲ್ಲಿ ಕೆಲವೇ ನೂರು ಸಂಖ್ಯೆಯಲ್ಲಿ ಮಾಡಿದ ಮೂರು ಬಾಗಿಲಿನ ಕಾರ್ಬನ್, ಸ್ಟೀಲ್ ಎಂಬ ಮಾದರಿಗಳು. ಪೋಲೊ 2022ರಲ್ಲಿ ನಿಂತ ಮೇಲೆ ಅದಕ್ಕೂ ಈಗಿನಿಂದಲೇ ಹಂಬಲ ಶುರುವಾಗಿದೆಯಂತೆ. ಸಂಸ್ಕಾರ ಮುಗಿಯೋ ಮೊದಲೇ ತಿಥಿ ಅಂದ ಹಾಗಾಯಿತು! ಇದರ ಮೇಲೆ 2025ರಲ್ಲಿ ಗಾಲ್ಫ್ ಜಿಟಿಐ ನಮ್ಮ ದೇಶಕ್ಕೆ ಬಂತು. ಬರೀ 150 ಕಾರು, ಬೆಲೆ ಸುಮಾರು 53 ಲಕ್ಷ. ಸಾಮಾನ್ಯರ ಚುರುಕು ಕಾರು ಅಂತ 1976ರಲ್ಲಿ ಹುಟ್ಟಿದ್ದು ಇಲ್ಲಿ ಶ್ರೀಮಂತರ ಆಟಿಕೆ.

ಹುಡುಗ ಹೋದ ಮೇಲೆ ನಾನು ಕಾಗದ ತೆಗೆದುಕೊಂಡು ಕೂತೆ. ಹಳೇ ಅಭ್ಯಾಸ. ಕಾರಿಗೆ ಕೊಟ್ಟದ್ದು ಎಲ್ಲ ಸೇರಿ ಎರಡೂವರೆ ಲಕ್ಷ ಅಂತ ಇಟ್ಟುಕೊಳ್ಳೋಣ. ಆದಾಯ ತೆರಿಗೆಯ ಪದ್ಧತಿಯಲ್ಲಿ ವರ್ಷಕ್ಕೆ ಶೇ. 15ರಂತೆ, ಇಳಿದ ಮೊತ್ತದ ಮೇಲೆ ಸವಕಳಿ ತೆಗೆಯುತ್ತ ಹೋದರೆ 25 ವರ್ಷಕ್ಕೆ ಪುಸ್ತಕದಲ್ಲಿ ಉಳಿಯೋದು ಸುಮಾರು ರೂ. 4,300. ಆ ಲೆಕ್ಕಕ್ಕೆ ಹುಡುಗ ಹೇಳಿದ್ದು ಇಪ್ಪತ್ತೈದು ಪಟ್ಟು! ಬೆಲೆ ಏರಿದೆ ಅನ್ನುವವರು ಹೇಳೋದು ಈ ಕಥೆ. ಆದರೆ ಅದೇ ಎರಡೂವರೆ ಲಕ್ಷವನ್ನು ಶೇ. 7ರ ಚಕ್ರಬಡ್ಡಿಗೆ ಇಟ್ಟಿದ್ದರೆ 25 ವರ್ಷಕ್ಕೆ ಹದಿಮೂರೂವರೆ ಲಕ್ಷ. ಟೈರು, ಬ್ಯಾಟರಿ, ವಿಮೆಗೆ ಸುರಿದದ್ದು ಬೇರೆ. ಅಂದರೆ ಹೂಡಿಕೆ ಅಂತ ಯಾರಾದರೂ ಸಣ್ಣ ಕಾರು ಕೊಳ್ಳಹೊರಟರೆ, ನನ್ನ ಕೌಂಟರಿಗೆ ಬಂದಿದ್ದರೆ, ಕೂಡಿಸಿ ಚಹಾ ಕುಡಿಸಿ ಮನೆಗೆ ಕಳಿಸುತ್ತಿದ್ದೆ. ಏರೋದು ಬೆರಳೆಣಿಕೆಯ ಕಾರುಗಳ ಬೆಲೆ. ಎಣಿಸಿ ಮಾಡಿದ ಮಾದರಿ, ಮೊದಲ ಮಾಲೀಕನ ಕಾಗದಪತ್ರ, ಕಂಪನಿಯ ಮೂಲ ಬಣ್ಣ, ಇಷ್ಟೂ ಕೂಡಿದ್ದರೆ. ಮಿಕ್ಕವು ಬರೀ ಹಳೇ ಕಾರು.

ಬೆಲೆಗಿಂತ ದೊಡ್ಡ ತೊಡಕು ಕಾಯಿದೆಯದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಅಂತಲೇ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ಅಂಥವಕ್ಕೆ "ವಿಎ" ಎಂಬ ಪ್ರತ್ಯೇಕ ಅಕ್ಷರದ ನಂಬರು. ಒಳ್ಳೆಯದೇ. ಆದರೆ ಅದೇ ವರ್ಷ ಗುಜರಿ ನೀತಿಯೂ ಬಂತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಅದರ ಶುಲ್ಕ ರೂ. 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ದೆಹಲಿಯ ಸುತ್ತಮುತ್ತ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳನ್ನು ರಸ್ತೆಯಿಂದಲೇ ತೆಗೆಯಬೇಕೆಂದು ಹಸಿರು ನ್ಯಾಯಮಂಡಳಿ ಹೇಳಿ, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿದಾಗ ಎಷ್ಟು ಹಳೆ 800, ಜೆನ್‌ಗಳು ಕೊರೆದು ತೂಕಕ್ಕೆ ಹೋದವೋ ದೇವರೇ ಬಲ್ಲ.

ಹೊಗೆ ಕಾರುವ ಗಾಡಿ ಹೋಗಲಿ, ಅದರಲ್ಲಿ ತಕರಾರಿಲ್ಲ. ನನ್ನ ತಕರಾರು ಲೆಕ್ಕದ್ದು. 15ಕ್ಕೆ ಮುದುಕ ಅನ್ನುತ್ತೀರಿ, 50ಕ್ಕೆ ಪೂಜ್ಯ ಅನ್ನುತ್ತೀರಿ. ನಡುವಿನ 35 ವರ್ಷ ಅದು ಎಲ್ಲಿರಬೇಕು? 1912ರ ರೋಲ್ಸ್ ರಾಯ್ಸ್‌ಗೆ ಅರಮನೆಯ ಲಾಯ ಇತ್ತು. ಡಾಲ್ಫಿನ್‌ಗೆ 50 ತುಂಬೋದು 2032ರಲ್ಲಿ, ಮೊದಲ ಮಾರುತಿಗೆ 2033ರಲ್ಲಿ. ಅಲ್ಲಿಯವರೆಗೆ ಅವನ್ನು ಕಾಯಬೇಕಾದವರು ಬಾಡಿಗೆ ಮನೆಯ, ರಸ್ತೆ ಬದಿಯ ಪಾರ್ಕಿಂಗಿನ ಜನ. ಈ ದೇಶದ ಮಧ್ಯಮ ವರ್ಗ ಮೊದಲ ಸಲ ಚಕ್ರದ ಮೇಲೆ ಕೂತದ್ದು ಯಾವುದರಲ್ಲಿ ಅಂತ ಮುಂದೆ ಯಾರಾದರೂ ಕೇಳಿದರೆ ತೋರಿಸಲು ಅವೇ ಉಳಿದಿರೋದಿಲ್ಲ. ನಮ್ಮಲ್ಲಿ ರಾಜರ ವಸ್ತು ಉಳಿಯುತ್ತದೆ, ಗುಮಾಸ್ತನ ವಸ್ತು ಉಳಿಯೋದಿಲ್ಲ. ಟೈಪ್‌ರೈಟರ್, ಲೆಡ್ಜರ್, ಈಗ ಕಾರು.

ಉಳಿಸುವವರು ಇದ್ದಾರೆ, ಆದರೆ ಅವರ ಹೆಸರು ಎಲ್ಲೂ ಬರೋದಿಲ್ಲ. ಚಾದರಘಾಟಿನ ಹತ್ತಿರದ ನನ್ನ ಮೆಕ್ಯಾನಿಕ್ ಒಬ್ಬ ಅಂಥವನು. ಮೂರು ಸಿಲಿಂಡರಿನ ಸದ್ದು ಕೇಳಿಯೇ ಯಾವ ಪ್ಲಗ್ಗು ಸತ್ತಿದೆ ಅಂತ ಹೇಳುತ್ತಾನೆ. ಐದು ಗೇರಿನ ಪೆಟ್ಟಿಗೆಯ ಬಿಡಿಭಾಗ ಹೊಸದು ಸಿಗುವುದು ಕಷ್ಟ. ರಾಣಿಗಂಜಿನ ಅಂಗಡಿಯಲ್ಲಿ ಇಲ್ಲ ಅಂದರೆ ಗೋಶಾಮಹಲ್‌ಗೆ ಹೋಗಬೇಕು. ಹಳೇ ಗಾಡಿ ಬಿಚ್ಚುವ ಓಣಿಗಳು ಅಲ್ಲಿ. ಬಾಗಿಲುಗಳ ರಾಶಿ, ದೀಪಗಳ ರಾಶಿ, ನೆಲವೆಲ್ಲ ಎಣ್ಣೆ. ಒಂದು ಕಾರು ಬದುಕಲಿಕ್ಕೆ ಅದೇ ಜಾತಿಯ ನಾಲ್ಕು ಕಾರು ಅಲ್ಲಿ ಸತ್ತಿರಬೇಕು. ಕಳೆದ ಸಲ ಮೂರು ತಾಸು ತಿರುಗಿ ಒಂದು ಸಿಂಕ್ರೊನೈಸರ್ ಉಂಗುರ ತಂದದ್ದು ನಾಲ್ಕುನೂರು ರೂಪಾಯಿಗೆ. ಮೆಕ್ಯಾನಿಕ್‌ಗೆ ಆ ಹುಡುಗನ ಮಾತು ಹೇಳಿದೆ. ಎಣ್ಣೆ ಕೈ ಒರೆಸಿಕೊಳ್ಳುತ್ತ, "ನಕ್ಕೋ ಸಾಬ್, ನಕ್ಕೋ ಬೇಚೋ" ಅಂದ. ಅವನಿಗೂ ಅದರಲ್ಲಿ ಲಾಭ ಇದೆ ಅನ್ನಿ.

ಇಷ್ಟರಲ್ಲಿ ನನ್ನ ಕಾರಿನ ಕೆಲಸವೂ ತಪ್ಪಿಹೋಯಿತು. 2023ರ ಅಕ್ಟೋಬರ್ 1ರಂದು ದೇವರಕದ್ರಾ, ಕೃಷ್ಣಾ ನಡುವಿನ ಹೊಸ ಹಳಿಯ ಮೇಲೆ ಕಾಚಿಗೂಡದಿಂದ ರಾಯಚೂರಿಗೆ ನೇರ ರೈಲು ಶುರುವಾಯಿತು. ನಾನು ವರ್ಗವಾಗಿ ಬಂದು 37 ವರ್ಷ ಆಗಿತ್ತು. ಅಪ್ಪ ಅಮ್ಮ ಇಬ್ಬರೂ ಇಲ್ಲ, ಊರ ಮನೆಗೆ ಬೀಗ, ಈಗ ಹತ್ತು ನಿಮಿಷ ನಡೆದು ಹೋಗಿ ರೈಲು ಹತ್ತಬಹುದು. ಹತ್ತಿದೆ ಕೂಡ. ಮೆಹಬೂಬ್‌ನಗರದ ನಂತರ ಕಿಟಕಿಯಲ್ಲಿ ನಮ್ಮ ಹಳೇ ರಸ್ತೆ ಆಗಾಗ ಕಾಣುತ್ತದೆ. ಅಲ್ಲೊಂದು ಬಿಳಿ 800 ಕಂಡರೆ ಬೋಗಿಯಲ್ಲಿ ನನ್ನ ಪ್ರಾಯದವರೊಬ್ಬರು ಕುತ್ತಿಗೆ ಹೊರಳಿಸಿ ನೋಡುತ್ತಾರೆ. ರಾಯಚೂರಿನವರಿರಬೇಕು.

2025ರ ನವೆಂಬರ್‌ನಲ್ಲಿ ಎಪಿ 11ರ ನನ್ನ ಕಾರಿಗೆ 25 ತುಂಬಿತು. ಅದು ಬಂದಾಗ ಆಂಧ್ರಪ್ರದೇಶ ಒಂದೇ ಇತ್ತು. 2014ರಲ್ಲಿ ತೆಲಂಗಾಣವಾಗಿ ಹೊಸ ಗಾಡಿಗಳಿಗೆ ಟಿಎಸ್ ಬಂತು, 2024ರಿಂದ ಟಿಜಿ. ಕಾರಿನ ಫಲಕ ಮಾತ್ರ ಹಳೇ ರಾಜ್ಯದ ಹೆಸರನ್ನೇ ಹೊತ್ತಿದೆ. "ರೂ. 4,300ರ ಆಸ್ತಿಗೆ 10,000 ಶುಲ್ಕ ಕಟ್ಟುವವನು ಎಂ.ಕಾಂ. ಹ್ಯಾಗೆ ಪಾಸಾದ?" ಅಂತ ಹೆಂಡತಿ ಕೇಳಿದಳು. ಕಟ್ಟಿದೆ. ಹಿಂದಿನ ಬ್ರೇಕು, ಎರಡು ಟೈರು, ಹೊಗೆ ತಪಾಸಣೆ, ಎಲ್ಲ ಸೇರಿ ಇನ್ನೊಂದಿಷ್ಟು. ಸಿಂಧನೂರಿನ ಹುಡುಗನಿಗೆ, ಕೊಡೋದಾದರೆ ಮೊದಲು ನಿನಗೇ ಹೇಳುತ್ತೇನೆ, ಆದರೆ ಬಿಚ್ಚಿ ದೊಡ್ಡ ಎಂಜಿನ್ ಕೂರಿಸೋದಿಲ್ಲ ಅಂತ ಬರೆದುಕೊಡಬೇಕು ಅಂದಿದ್ದೇನೆ. ಅವನು ಯೋಚಿಸುತ್ತಿದ್ದಾನೆ. ಆರ್.ಸಿ. ಈಗ 2030ರವರೆಗೆ ಇದೆ. ಆಮೇಲೆ ಇನ್ನೂ ನಾಲ್ಕು ನವೀಕರಣ ದಾಟಿದರೆ 2050ಕ್ಕೆ ಅದು ವಿಂಟೇಜ್. ಆಗ ನನಗೆ 89.